ನೀರಿನಿಂದ ಸೈಕಲ್ಲಿನವರೆಗೆ ಹಿಡಿದ ಸೀರೆಯ ಕುರಿತು

ಸಂಗಮ ಟ್ರಯಥ್ಲಾನ್ ಸಮಿತಿಯ ಮುಖ್ಯ ತೀರ್ಪುಗಾರರೂ, ಸೀಟಿ ಮತ್ತು ನಿಯಮಗಳ ಏಕೈಕ ಅಧಿಕಾರಿಗಳೂ ಆದ ಶ್ರೀ ಪ್ರವೀಣಕುಮಾರ ಅವರ ಸನ್ನಿಧಿಗೆ ಇಳಕಲ್ಲಿನ ನೇತ್ರಾ ತಲೆಬಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ:

ಮಾನ್ಯರೇ,

ತಾವು ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ಎದುರಿಗೆ ನಿಂತಾಗ ನನಗೆ ಮಾತು ಹೊರಡುವುದಿಲ್ಲ. ಅಂದು ಕೂಡಲಸಂಗಮದ ದಂಡೆಯಲ್ಲಿ ತಾವು ಅಷ್ಟು ಹೊತ್ತು ನಿಯಮ ವಿವರಿಸಿದಾಗಲೂ ನಾನು ಹೇಳಿದ್ದು ‘ಹೂಂ ಸರ್’ ಎಂದಷ್ಟೇ. ಕನ್ನಡ ಎಂ.ಎ. ಮಾಡಿದವಳಿಗೆ ಇದು ಶೋಭೆಯಲ್ಲವೆಂದು ಮನೆಯವರೆಲ್ಲ ಅಂದದ್ದರಿಂದ, ಉಳಿದ ಮಾತುಗಳನ್ನು ಇಲ್ಲಿ, ಊರವರೂ ಓದುವಂತೆ ಬರೆಯುತ್ತಿದ್ದೇನೆ.

ಮೊದಲು ಅಭಿನಂದನೆ. ಈಜು, ಸೈಕಲ್, ಓಟ ಮೂರನ್ನೂ ಒಂದರ ಬೆನ್ನಿಗೊಂದು ಮುಗಿಸಬೇಕಾದ ಈ ಪಂದ್ಯವನ್ನು ನಮ್ಮ ಕಡೆಗೆ ತಂದವರು ತಾವು. ಸಂಗಮದ ನೀರಿನಲ್ಲಿ ಈಜಿ, ಸೈಕಲ್ಲಿನಲ್ಲಿ ಹುನಗುಂದಕ್ಕೆ ಹೋಗಿ ಬಂದು, ಮತ್ತೆ ಸಂಗಮದಲ್ಲೇ ಓಡಿ ಮುಗಿಸುವಂತೆ ದಾರಿ ಗುರುತಿಸಿದವರೂ ತಾವೇ. ತಾವು ಆರಿಸಿದ ರವಿವಾರದಂದೇ ಅಮಾವಾಸ್ಯೆ ಬಿದ್ದಿತ್ತೆಂಬುದು, ಸುತ್ತಲಿನ ಹಳ್ಳಿಗಳ ಜನವೆಲ್ಲ ಅದೇ ಮೆಟ್ಟಿಲುಗಳಲ್ಲಿ ಸ್ನಾನಕ್ಕಿಳಿಯುತ್ತಾರೆಂಬುದು ಇಲ್ಲಿಯ ಸಣ್ಣ ಕೂಸಿಗೂ ಗೊತ್ತು. ತಮ್ಮ ಸಮಿತಿಯ ವಿಚಾರಗಳು ಅಂತರರಾಷ್ಟ್ರೀಯ ಮಟ್ಟದವಾದ್ದರಿಂದ ಗೋಡೆಯ ಕ್ಯಾಲೆಂಡರಿನ ಮಟ್ಟಕ್ಕೆ ಇಳಿಯಲಿಲ್ಲ.

ಕಾಲೇಜಿನ ದಿನಗಳಲ್ಲಿ ನಾನೂ ಈ ಸ್ಪರ್ಧೆಗಳಲ್ಲಿ ಇದ್ದವಳು. ಬಿಟ್ಟದ್ದು ದಣಿವಿನಿಂದಲ್ಲ, ಗಾಯದಿಂದಲೂ ಅಲ್ಲ. ಈಜು ಮುಗಿಸಿದವರು ಮೈಗಂಟಿದ ಈಜುಡುಗೆಯಲ್ಲೇ, ನೀರಿನಿಂದ ಸೈಕಲ್ ನಿಲ್ಲಿಸಿದ ಜಾಗದವರೆಗೆ ಜನರ ನಡುವೆ ಹಾದುಹೋಗಬೇಕಲ್ಲ, ಆ ಸ್ವಲ್ಪ ದಾರಿಯಿಂದಾಗಿ ಬಿಟ್ಟೆ. ಒಮ್ಮೆ ಬಾಗಲಕೋಟೆಯಲ್ಲಿ ಯಾರೋ ಅದನ್ನು ಫೋನಿನಲ್ಲಿ ಹಿಡಿದು, ಸಿನಿಮಾ ಹಾಡು ಕೂಡಿಸಿ, ಎಲ್ಲರಿಗೂ ಹಂಚಿದರು. ನಮ್ಮ ತರಗತಿಯ ಗುಂಪಿಗೆ ಬಂತು. ಸೋದರಮಾವ ಅಮರೇಶನ ಫೋನಿಗೂ ಬಂತು. ಅವನು ಪಾಪ, ಬಹಳ ಹೊತ್ತು ಯೋಚಿಸಿ, ‘ಹಾಡು ಚಲೋ ಐತಿ’ ಅಂದ. ಮರುದಿನ ಈಜುಡುಗೆಯನ್ನು ಟ್ರಂಕಿನ ತಳಕ್ಕೆ ತುರುಕಿ ಹಳಗನ್ನಡ ಓದಲು ಕೂತೆ. ಹಳಗನ್ನಡ ಓದುವವರ ಕಡೆ ಯಾರೂ ಫೋನ್ ಹಿಡಿಯುವುದಿಲ್ಲ.

ಐದು ವರ್ಷಗಳ ಮೇಲೆ ಮತ್ತೆ ನೀರಿನ ಆಸೆ ಹುಟ್ಟಿತು. ಕಬ್ಬಿನ ಟ್ರ್ಯಾಕ್ಟರುಗಳು ಎದೆ ನಡುಗುವಂತೆ ಹಾಡು ಹಾಕಿಕೊಂಡು ಹೋಗುವ ರಸ್ತೆಯಲ್ಲಿ, ಅವುಗಳ ಹೊಗೆ ಕುಡಿಯುತ್ತ, ಐಹೊಳೆಯವರೆಗೆ, ಧೈರ್ಯ ಬಂದ ದಿನ ಬಾದಾಮಿಯವರೆಗೆ ಸೈಕಲ್ ತುಳಿದೆ. ತಮ್ಮ ಪಂದ್ಯವನ್ನು ಪೂರೈಸಿದವರಿಗೆ ಮಾತ್ರ ರಾಜ್ಯಮಟ್ಟದ ಸ್ಪರ್ಧೆಗೆ ಪ್ರವೇಶವೆಂದು ತಿಳಿದು ಹೆಸರು ಕೊಟ್ಟೆ. ಅಂದು ನೀರೊಳಗೆ ಇರುವ ತನಕ ನನ್ನದೇನೂ ತಕರಾರಿರಲಿಲ್ಲ. ಮೆಟ್ಟಿಲು ಹತ್ತಿರವಾಗಿ, ಅಲ್ಲಿ ಸಾಲಾಗಿ ಎತ್ತಿ ಹಿಡಿದ ಫೋನುಗಳು ಕಂಡಾಗ, ಹಾಗೇ ಹೊರಳಿ ಆಚೆ ದಂಡೆಗೆ ಈಜಿಬಿಡಲೇ ಅನ್ನಿಸಿತು. ದಾರಿ ತಪ್ಪಿದ್ದಕ್ಕೆ ತಾವು ಸೀಟಿ ಊದುತ್ತೀರೆಂಬ ಭಯದಿಂದ ಮಾತ್ರ ಮೇಲೆ ಬಂದೆ.

ನಮ್ಮ ಕಡೆ ಹೊಳೆಯಲ್ಲಿ ಮಿಂದು ಮೇಲೆ ಬರುವ ಹೆಣ್ಣಿಗೆ, ಗುರುತಿರಲಿ ಬಿಡಲಿ, ದಂಡೆಯಲ್ಲಿದ್ದ ಹೆಂಗಸರು ಸೀರೆಯೊಂದನ್ನು ಹರವಿ ಮರೆ ಹಿಡಿಯುತ್ತಾರೆ. ಅದಕ್ಕೆ ಯಾರೂ ಅಪ್ಪಣೆ ಕೇಳುವುದಿಲ್ಲ, ಯಾರೂ ಉಪಕಾರವೆಂದು ಹೇಳಿಕೊಳ್ಳುವುದೂ ಇಲ್ಲ. ಮರೋಳದಿಂದ ಬಂದಿದ್ದ ಗುರುಲಿಂಗವ್ವ ಎಂಬ ಹಿರಿಯರು, ನನ್ನ ತೋಳಿನ ಮೇಲೆ ಬರೆದ ಪಂದ್ಯದ ಅಂಕಿ ನೋಡಿ, ಇವಳಾರೋ ದೊಡ್ಡ ಹರಕೆ ಹೊತ್ತು ಈಸಿ ಬಂದವಳೆಂದು ತಿಳಿದರು. ‘ಯವ್ವಾ, ತೊಯ್ದ ಮೈಲೆ ಎಲ್ಲಿ ಹೊಂಟಿ, ನಿಂದ್ರ’ ಎನ್ನುತ್ತ, ದರ್ಶನಕ್ಕೆ ಉಡಲು ತಂದಿದ್ದ, ಇನ್ನೂ ಮಡಿಕೆ ಬಿಚ್ಚದ ಇಳಕಲ್ ಸೀರೆಯನ್ನು ಗಂಟಿನಿಂದ ತೆಗೆದು, ಸಂಗಡಿಗರ ಕೈಗೊಂದೊಂದು ತುದಿ ಕೊಟ್ಟು, ನನ್ನ ಸುತ್ತ ಹಿಡಿದರು. ನಾನು ಸೈಕಲ್ ಕಡೆ ಬೆರಳು ತೋರಿಸಿದೆ. ‘ಸೈಕಲ್ ಮ್ಯಾಲ ಬಂದಿಯೇನ, ನಡಿ, ಅಲ್ಲಿತನಾ ಮುಟ್ಟಸ್ತೀವಿ’ ಅಂದರು. ಸೀರೆ ನನ್ನೊಂದಿಗೆ ನಡೆಯತೊಡಗಿತು. ತಾವು ಊದಿದ ಸೀಟಿ ನನಗೆ ಕೇಳಿಸಲಿಲ್ಲವೆಂದು ಸುಳ್ಳು ಹೇಳಲಾರೆ, ಗುರುಲಿಂಗವ್ವನವರಿಗೂ ಕೇಳಿಸಿತ್ತು. ‘ಸೀಟಿ ಹೊಡದ ಕೂಡ್ಲೆ ನಿಲ್ಲಾಕ ನಾವೇನ ಬಸ್ಸೇನೋ ತಮ್ಮಾ’ ಎಂದು ಅವರು ಅಂದದ್ದು ತಮ್ಮ ಪದವಿಗೆ ತಗುಲಿದ್ದರೆ ಅವರ ಪರವಾಗಿ ನಾನು ಕ್ಷಮೆ ಕೇಳುತ್ತೇನೆ.

ಆಮೇಲೆ ಹುನಗುಂದಕ್ಕೆ ಹೋಗಿ ಬಂದೆ, ಓಡಿದೆ, ಹೆಂಗಸರಲ್ಲಿ ಮೂರನೆಯವಳಾಗಿ ಮುಗಿಸಿದೆ. ಹೊರಗಿನವರಿಂದ ನೆರವು ಪಡೆದೆನೆಂದು ತಾವು ನನ್ನನ್ನು ಅನರ್ಹಳೆಂದು ಸಾರಿದಿರಿ. ತಮ್ಮ ಸೂಕ್ಷ್ಮದೃಷ್ಟಿಗೆ ಶರಣು. ಇದೇ ದೃಷ್ಟಿಯನ್ನು ತಾವು ಇನ್ನಷ್ಟು ಹರಿಸಬೇಕೆಂದು ಬೇಡಿಕೊಳ್ಳುತ್ತೇನೆ. ಹುನಗುಂದದಿಂದ ಮರಳುವಾಗ ಎಲ್ಲರ ಬೆನ್ನಿಗೂ ಗಾಳಿ ಬೀಸಿ ದೂಡಿತು. ಅದರ ಮೇಲೆ ಕ್ರಮವಾಗಲಿ. ಓಟದ ದಾರಿಯಲ್ಲಿ ಬೇವಿನ ಮರಗಳು ಕೇಳದವರಿಗೂ ನೆರಳು ಕೊಟ್ಟವು. ಅವಕ್ಕೆ ಎಚ್ಚರಿಕೆ ಕೊಡಿ. ಮುಖ್ಯವಾಗಿ, ಇಷ್ಟು ದೂರ ಒಬ್ಬಳೇ ಹರಿದು ಬಂದು, ಸಂಗಮದಲ್ಲಿ ತನ್ನ ಹೆಸರನ್ನೇ ಬಿಟ್ಟುಕೊಟ್ಟು, ಕೃಷ್ಣೆಯ ನೆರವಿನಿಂದ ಸಮುದ್ರ ಮುಟ್ಟುತ್ತಿರುವ ಮಲಪ್ರಭೆಯನ್ನು ತಾವು ಇಷ್ಟು ದಿನ ಹೇಗೆ ಸಹಿಸಿಕೊಂಡಿರೋ ತಿಳಿಯದು. ಹಾಗೆಯೇ ಮುಂದಿನ ವರ್ಷದ ಅಮಾವಾಸ್ಯೆಯನ್ನು ತಮಗೆ ಅನುಕೂಲವಾದ ಯಾವುದಾದರೂ ಬುಧವಾರಕ್ಕೆ ಸರಿಸಲು ಚಂದ್ರನಿಗೆ ಸೂಚನೆ ಹೋಗಲಿ.

ಇಷ್ಟಾದ ಮೇಲೂ ತಮ್ಮ ಉದಾರತೆ ದೊಡ್ಡದು. ‘ಕೆಲವು ಅಪರಿಚಿತ ಹೆಂಗಸರು ನನ್ನ ಇಚ್ಛೆಗೆ ವಿರುದ್ಧವಾಗಿ ಅಡ್ಡಗಟ್ಟಿ ತೊಂದರೆ ಕೊಟ್ಟರು’ ಎಂದು ಬರೆದು ಸಹಿ ಹಾಕಿದರೆ ನನ್ನ ಫಲಿತಾಂಶ ಮರಳಿ ಬರುವುದೆಂದು ತಾವು ಹೇಳಿ ಕಳುಹಿಸಿದ್ದೀರಿ. ಹೀಗೊಂದು ವಾಕ್ಯ ಬರೆಯಲು ನನಗೆ ಬರುತ್ತದೆ; ವ್ಯಾಕರಣವೂ ಸರಿಯಾಗಿದೆ. ರಾಜ್ಯಮಟ್ಟದ ಸ್ಪರ್ಧೆಗೆ ಹೋಗಲು ಮನಸ್ಸೂ ಇದೆ. ನಿನ್ನೆ ಸಂಜೆಯವರೆಗೂ ಪೆನ್ನು ಹಿಡಿದು ಕೂತೇ ಇದ್ದೆ.

ಆದರೆ ಅವರು ನನ್ನ ಇಚ್ಛೆಗೆ ವಿರುದ್ಧವಾಗಿ ಏನನ್ನೂ ಮಾಡಲಿಲ್ಲ. ‘ಬ್ಯಾಡ್ರಿ’ ಎಂದೊಂದು ಮಾತು ಅಂದಿದ್ದರೆ ಬಿಡುತ್ತಿದ್ದರು. ಒಬ್ಬಿಬ್ಬರು ಸ್ಪರ್ಧಿಗಳು ಪಕ್ಕದಿಂದ ದಾಟಿಹೋದರು, ನಾನು ಓಡಬಹುದಿತ್ತು. ಓಡಲಿಲ್ಲ. ಆ ದಾರಿಯಲ್ಲಿ ಜೀವನದಲ್ಲಿ ಮೊದಲ ಸಲ, ಕೂದಲಿನ ನೀರು ಹಿಂಡಿಕೊಳ್ಳುತ್ತ, ನಿಧಾನವಾಗಿ ನಡೆದೆ. ನೆರವು ಪಡೆದದ್ದು ನಿಜ, ಬೇಕೆಂದೇ ಪಡೆದೆ. ಆದ್ದರಿಂದ ಸಹಿ ಹಾಕಲಾರೆ. ನನ್ನ ಹೆಸರಿನ ಮುಂದೆ ‘ಅನರ್ಹ’ ಎಂದೇ ಇರಲಿ, ಅಕ್ಷರ ಸ್ವಲ್ಪ ದೊಡ್ಡದಾಗಿಯೇ ಇರಲಿ. ಮುಂದಿನ ವರ್ಷ ತಾವು ಯಾವ ದಿನ ಇಟ್ಟರೂ ಬರುತ್ತೇನೆ.

ತಮ್ಮ ನಿಯಮದ ಮೇಲಲ್ಲದಿದ್ದರೂ ತಮ್ಮ ಮೇಲೆ ಇನ್ನೂ ಸ್ವಲ್ಪ ನಂಬಿಕೆ ಉಳಿಸಿಕೊಂಡಿರುವ
ತಮ್ಮ ವಿಶ್ವಾಸಿ,
ನೇತ್ರಾ
ಇಳಕಲ್

ತಾ.ಕ.: ಬಹುಮಾನಗಳೆಲ್ಲ ಮುಗಿದ ಮೇಲೆ, ಈಜಿನ ದಾರಿಯ ಗುರುತಿಗೆ ನೀರಲ್ಲಿ ಕಟ್ಟಿದ್ದ ಬುರುಡೆ ಬಿಚ್ಚಿ ತೇಲಿ ಹೋಗುತ್ತಿದ್ದಾಗ ಅದನ್ನು ಹಿಡಿಯಲು ತಾವು ನೀರಿಗಿಳಿದು, ಜಾರಿ, ಎದೆಯವರೆಗೆ ಮುಳುಗಿ ಎದ್ದಿರಿ. ಬಿಳಿ ಪ್ಯಾಂಟು ತೊಯ್ದರೆ ಏನಾಗುತ್ತದೆಂಬುದನ್ನು ನಿಯಮ ಮಾಡಿದವರು ಯೋಚಿಸಿದಂತಿಲ್ಲ. ಬುತ್ತಿ ಉಂಡು ಕೈ ತೊಳೆಯಲು ಬಂದಿದ್ದ ಗುರುಲಿಂಗವ್ವನವರು, ‘ನಾಚಬ್ಯಾಡ ನಡಿ ತಮ್ಮಾ, ಯಾರೂ ನೋಡಂಗಿಲ್ಲ’ ಎಂದು ತಮ್ಮ ಸುತ್ತಲೂ ಸೀರೆ ಹಿಡಿದು ಕಾರಿನವರೆಗೆ ಕಳುಹಿಸಿದರು. ತಾವೂ ‘ಬ್ಯಾಡ್ರಿ’ ಅನ್ನಲಿಲ್ಲ. ಆಗ ನನ್ನ ಕೈಯಲ್ಲಿ ಫೋನಿತ್ತು; ಅದನ್ನು ಚೀಲದೊಳಗೆ ಇಟ್ಟು, ಸೀರೆಯ ಒಂದು ತುದಿ ಹಿಡಿದವಳು ನಾನೇ.