ಮರಳುಗಾಡಿಗೆ ನೀರು ಹಾಕಿದವರು

ತಾಯಿಯನ್ನು ಮಣ್ಣು ಮಾಡಿ ಕೆಲಸಕ್ಕೆ ಮರಳಿದ ದಿನ ಎಲ್ಲರೂ ಒಂಟೆ ಎಂದು ಕರೆಯುತ್ತಿದ್ದ ಮಾಲಿ ತನ್ನ ಗಾಜಿನ ಮನೆಯ ಬಾಗಿಲು ತೆಗೆದು ಕಾಲಿಟ್ಟರೆ, ಚಪ್ಪಲಿ ಕೆಸರಿನಲ್ಲಿ ಹೂತುಕೊಂಡಿತು. ಮರುಭೂಮಿಯಲ್ಲಿ ಕೆಸರು!

ಸರ್ಕಾರಿ ಸಸ್ಯೋದ್ಯಾನದ ಮರುಭೂಮಿ ಕೋಣೆ ನೋಡಿಕೊಳ್ಳುವುದು ಅವನ ಕೆಲಸ. ನೆಲದ ತುಂಬ ಮರಳು, ತಲೆಯ ಮೇಲೆ ಸುಡುವ ದೀಪಗಳು, ಆಳೆತ್ತರದ ಕಳ್ಳಿಗಳು, ಬಂಡೆಯ ಮೇಲೊಂದು ಮುಳ್ಳುಬಾಲದ ಉಡ. ಕೆಲಸವೆಂದರೆ ಮುಖ್ಯವಾಗಿ ನೀರು ಹಾಕದೆ ಇರುವುದು. ಅದೂ ಒಂದು ಕೆಲಸವೆಂದು ಯಾರೂ ನಂಬುತ್ತಿರಲಿಲ್ಲ. ಒಂಟೆ ನೀರಿಲ್ಲದೆ ಇರುವಂತೆ ಇವನು ಕೆಲಸವಿಲ್ಲದೆ ಇರುತ್ತಾನೆಂದು ಆ ಅಡ್ಡಹೆಸರು ಬಿದ್ದಿತ್ತು.

ಯಾರ ಮನೆಯಲ್ಲಿ ಸಾವಾದರೂ ಅವರ ಗಿಡಗಳಿಗೆ ಉಳಿದವರು ನೀರುಣಿಸುವುದು ಆ ಉದ್ಯಾನದವರ ರೂಢಿ. ಅವನು ರಜೆಯಲ್ಲಿದ್ದ ಅಷ್ಟೂ ದಿನ ಬೆಳಿಗ್ಗೆ ಗುಲಾಬಿ ತೋಟದವನು ಉಣಿಸಿದ್ದ, ಮಧ್ಯಾಹ್ನ ತಾವರೆ ಕೊಳದ ಅಕ್ಕ, ಸಂಜೆ ಗೇಟಿನವನು. ಮಾಡಿದ ಉಪಕಾರ ಹೇಳಿಕೊಳ್ಳಬಾರದಲ್ಲ, ಹಾಗಾಗಿ ಒಬ್ಬರದು ಇನ್ನೊಬ್ಬರಿಗೆ ತಿಳಿಯಲಿಲ್ಲ.

"ಪಾಪ, ಎಷ್ಟು ಬಾಯಾರಿದ್ವೋ ಏನೋ, ಹಾಕಿದ್ದೆಲ್ಲ ಕುಡೀತಾನೇ ಇದ್ವು ಕಣಪ್ಪ," ಎಂದ ಗುಲಾಬಿಯವನು. ಅವನ ಕಣ್ಣಲ್ಲಿ ನಿಜವಾದ ಮರುಕವಿತ್ತು. ಒಂಟೆ ಬೈಯುವುದು ಬಿಟ್ಟು ಕಳ್ಳಿಗಳ ಕಡೆ ನಡೆದ.

ಕಳ್ಳಿಯನ್ನು ಮುಟ್ಟಿದರೆ ಬೆರಳು ಒಳಗೇ ಹೋಯಿತು, ಕೊಳೆತ ಕುಂಬಳಕಾಯಿಯೊಳಗೆ ಹೋದಂತೆ. ಉಡ ತಣ್ಣಗಾಗಿತ್ತು. ಥಂಡಿ ಹಿಡಿದು ಸತ್ತಿತ್ತು. ಸಾಲದ್ದಕ್ಕೆ, ಖರ್ಚು ತಗ್ಗಿಸಲು ಯಾವ ಕೋಣೆ ಮುಚ್ಚಬೇಕೆಂದು ನೋಡಲು ದೊಡ್ಡ ಸಾಹೇಬರು ಅವತ್ತೇ ಮಧ್ಯಾಹ್ನ ಬರುವವರಿದ್ದರು. ಕೋಣೆ ಹೋದರೆ ನೌಕರಿ ಹೋಗುತ್ತದೆ. ನೌಕರಿ ಹೋದರೆ ಉದ್ಯಾನದ ಹಿಂದಿನ ಸರ್ಕಾರಿ ಮನೆ ಹೋಗುತ್ತದೆ. ಹೆಂಡತಿ ಮಗಳನ್ನು ಕಟ್ಟಿಕೊಂಡು ಎಲ್ಲಿಗೆ ಹೋಗುವುದು?

ತಮ್ಮ ತಪ್ಪು ಗೊತ್ತಾದ ಮೂವರೂ ಸಹಾಯಕ್ಕೆ ನುಗ್ಗಿದರು. ಅದೇ ಇನ್ನೊಂದು ಅನಾಹುತ. ಗುಲಾಬಿಯವನು ಕಳ್ಳಿ ನೆಟ್ಟಗೆ ನಿಲ್ಲಲೆಂದು ಒಳಗೆ ಕಬ್ಬಿಣದ ಸರಳು ತುರುಕಿದಾಗ ಮೇಲಿನ ತುಂಡು ಕಳಚಿ ಗೇಟಿನವನ ಬೆನ್ನ ಮೇಲೆ ಬಿತ್ತು. ಅವನ ಬೆನ್ನಿನ ಮುಳ್ಳು ಕೀಳುವುದರಲ್ಲೇ ಅರ್ಧ ಹೊತ್ತು ಕಳೆಯಿತು. ಆ ತುಂಡನ್ನು ತಂತಿಯಿಂದ ಬಿಗಿದು, ಕೆಸರಿನ ಮೇಲೆ ಒಣ ಮರಳು ಚೆಲ್ಲಿದರು. ಅಕ್ಕ ಸತ್ತ ಉಡದ ಗದ್ದದ ಕೆಳಗೆ ಕಲ್ಲಿಟ್ಟು, ಈಗ ಠೀವಿಯಾಗಿ ಕಾಣುತ್ತದೆ ಎಂದಳು. ಬದುಕಿದ್ದಾಗ ಅದು ಅಷ್ಟು ಚೆನ್ನಾಗಿ ಕಂಡಿರಲಿಲ್ಲ.

ಸಾಹೇಬರು ಬಂದರು. ಉಡದ ಮುಂದೆ ಬಹಳ ಹೊತ್ತು ನಿಂತರು.

"ಇದು ಅಲ್ಲಾಡೋದೇ ಇಲ್ವಲ್ರೀ?"

ಒಂಟೆ ಉಡಕ್ಕೂ ಸಾಹೇಬರಿಗೂ ನಡುವೆ ಬಂದ. "ಕಾವು ಏರಿದ ಮೇಲೆ ಅಲ್ಲಾಡಲ್ಲ ಸರ್. ಮರುಭೂಮಿ ಪ್ರಾಣಿ, ಮೈಯಲ್ಲಿರೋ ನೀರು ಉಳಿಸ್ಕೊಳುತ್ತೆ."

ತಿನ್ನುವುದಕ್ಕೆ ಏನು ಕೊಡುತ್ತೀರಿ ಎಂದು ಕೇಳಿದರು. ಬಹಳ ದಿನ ಏನೂ ಬೇಕಾಗುವುದಿಲ್ಲ ಎಂದ. ಗಿಡಗಳಿಗೆ ನೀರು? ಬೇಡ. ಗೊಬ್ಬರ? ಅದೂ ಬೇಡ. ಒಂದೊಂದು ಉತ್ತರಕ್ಕೂ ಸಾಹೇಬರ ಮುಖ ಅರಳುತ್ತಿತ್ತು. ಅದನ್ನು ಕಂಡು ಒಂಟೆಗೂ ಹುರುಪು ಬಂತು. ಮುಟ್ಟದೆ ಬಿಟ್ಟಷ್ಟೂ ಇವು ಚೆನ್ನಾಗಿರುತ್ತವೆ ಸರ್, ಎಂದು ತಾನಾಗಿಯೇ ಸೇರಿಸಿದ.

"ಭೇಷ್. ಇಡೀ ಉದ್ಯಾನದಲ್ಲಿ ಖರ್ಚಿಲ್ಲದ ಕೋಣೆ ಇದೊಂದೇ," ಎಂದರು ಸಾಹೇಬರು. "ಇದನ್ನ ಮುಚ್ಚೋದಿಲ್ಲ."

ನಾಲ್ವರೂ ಉಸಿರು ಬಿಟ್ಟರು.

"ಆದರೆ ಏನೂ ಬೇಡದ ಇವಕ್ಕೆ ಒಬ್ಬ ಆಳು ಯಾಕ್ರೀ? ಗುಲಾಬಿಯವರೇ ಬೆಳಿಗ್ಗೆ ಬೀಗ ತೆಗೆದು ಸಂಜೆ ಹಾಕ್ಲಿ. ನೀವು ನಾಳೆಯಿಂದ ಬರೋದು ಬೇಡ. ಮನೆ ತಿಂಗಳ ಕೊನೆಗೆ ಬಿಟ್ರೆ ಸಾಕು."

ಎಲ್ಲ ಸತ್ತಿವೆ ಸರ್, ಎನ್ನಲು ಒಂಟೆ ಬಾಯಿ ತೆರೆದ. ಕೊಂದವನು ಯಾರು ಎಂಬ ಪ್ರಶ್ನೆ ಬರುತ್ತದೆಂದು ಹೊಳೆದು ಮುಚ್ಚಿದ. ಗುಲಾಬಿಯವನು ತಲೆ ತಗ್ಗಿಸಿಕೊಂಡೇ ಬೀಗದ ಕೈ ತೆಗೆದುಕೊಂಡ.

ಸಂಜೆ ಹೆಂಡತಿ ಬಾಗಿಲಲ್ಲೇ ಕಾಯುತ್ತಿದ್ದಳು.

"ಕೋಣೆ ಉಳೀತಾ?"

"ಉಳೀತು," ಎಂದ.

ಅವಳು ಎಷ್ಟೋ ದಿನದ ಮೇಲೆ ನಕ್ಕು, ತಟ್ಟೆ ಇಡಲು ಒಳಗೆ ಹೋದಳು. ಉಳಿದದ್ದನ್ನು ಊಟ ಆದ ಮೇಲೆ ಹೇಳಿದರಾಯಿತೆಂದು ಅವನು ಕೈ ತೊಳೆಯಲು ನಡೆದ.