ಸಾಹೇಬರಿಗಾದ ಘೋರ ಶಿಕ್ಷೆ

ಬ್ಯಾಂಕಿನ ಅಟೆಂಡರ್‌ಗೆ ನಗೋಕೆ ಬೇರೆ ಸಿನಿಮಾ ಬೇಕಿಲ್ಲ. ಬಂಗಾರಪೇಟೆಯ ನಮ್ಮ ಶಾಖೆಯ ಬಾಗಿಲು ತೆಗೆದರೆ ಸಾಕು, ಏನಾದರೊಂದು ನಡೆದೇ ನಡೆಯುತ್ತಿತ್ತು. ಇದು ನಮ್ಮ ಮ್ಯಾನೇಜರ್ ಸಾಹೇಬರು ಕಳ್ಳತನ ಮಾಡಿ ಪಟ್ಟ ಪಾಡು. ಕೇಳಿದರೆ ನೀವೂ ಅಯ್ಯೋ ಪಾಪ ಅಂತೀರಿ.

ಕಪ್ಪಾದ ಸರ

ಹಳ್ಳಿಯಲ್ಲಿ ಡೈರಿಗೆ ಹಾಲು ಹಾಕುವ ಹೆಂಗಸೊಬ್ಬರು, ಮಗಳ ಮದುವೆ ಹತ್ತಿರ ಬಂತೆಂದು, ಅಡವಿಟ್ಟಿದ್ದ ಎರಡೆಳೆ ಸರ ಬಿಡಿಸಿಕೊಳ್ಳಲು ಬಂದರು. ಸಾಲ ಪೂರ್ತಿ ಕಟ್ಟಿ ಪೊಟ್ಟಣ ಬಿಚ್ಚಿದರೆ ಒಳಗೆ ಹಿತ್ತಾಳೆ. ಸಾಹೇಬರು ಒಂಚೂರೂ ಬೆವರಲಿಲ್ಲ. ಗಾಳಿಯಾಡದ ಕಡೆ ಬಹಳ ದಿನ ಇದ್ದರೆ ಬಂಗಾರ ಹೀಗೇ ಕಪ್ಪಾಗುತ್ತೆ, ಮನೆಗೆ ಹೋಗಿ ಹುಣಸೆಹಣ್ಣು ಹಾಕಿ ಉಜ್ಜಿ ಅಂದರು.

ಆಯಮ್ಮ ಸರವನ್ನು ಮೇಜಿನ ಮೇಲಿಟ್ಟರು. "ನಮ್ ಮಾವ ನಂದಿದುರ್ಗದ ಚಿನ್ನದ್ ಗಣೀಲಿ ಕೆಲ್ಸ ಮಾಡ್ದೋರು ಸಾರ್. ನೆಲದೊಳ್ಗೆ ಅಷ್ಟ್ ಕಾಲ ಬಿದ್ದಿದ್ ಚಿನ್ನಾನೇ ಕಪ್ಪಾಗಿರ್ಲಿಲ್ಲ. ನಿಮ್ ಬೀರುನಾಗೆ ಎಲ್ಡು ವರ್ಸಕ್ಕೇ ಕಪ್ಪಾಗೋಯ್ತಾ?"

ಮನೆವಾಸ

ತನಿಖೆ ನಡೆದು, ಸರ ಬದಲಾಯಿಸಿದ್ದು ಸಾಹೇಬರೇ ಎಂದು ಸಾಬೀತಾಯಿತು. ಪೊಲೀಸರಿಗೆ ಹೇಳಿದರೆ ಬ್ಯಾಂಕಿನ ಮಾನ ಹೋಗುತ್ತಂತೆ. ಅದಕ್ಕೇ ಸಸ್ಪೆಂಡ್ ಮಾಡಿ, ಅರ್ಧ ಸಂಬಳ ಕೊಟ್ಟು ಗಣಿ ಊರಿನ ಬಾಡಿಗೆ ಮನೆಯಲ್ಲಿ ಕೂರಿಸಿದರು. ಬೆಳಿಗ್ಗೆ ಕೋರಮಂಡಲ್ ಕಡೆ ವಾಕಿಂಗು, ಮಧ್ಯಾಹ್ನ ನಿದ್ದೆ, ಸಂಜೆ ರಾಬರ್ಟ್‌ಸನ್‌ಪೇಟೆಯಲ್ಲಿ ಕಾಫಿ. ಆರು ತಿಂಗಳಲ್ಲಿ ಮನುಷ್ಯನ ಬಿಪಿ ಇಳಿದು ಮುಖಕ್ಕೆ ಕಳೆ ಬಂತು. ಇದನ್ನು ಹೇಳಿದಾಗ ನನ್ನ ಹೆಂಡತಿ, ಅಂಥದ್ದೊಂದು ಶಿಕ್ಷೆ ನಿಮಗೂ ಕೊಡ್ತಾರಾ ವಿಚಾರಿಸಿ ಅಂದಳು.

ಶಾಲು, ಪೇಟ

ಕೊನೆಗೆ ತೀರ್ಪು ಬಂತು. ಅದು ಕಳ್ಳತನವಲ್ಲ, 'ಅಜಾಗರೂಕತೆ'. ಒಂದು ಎಚ್ಚರಿಕೆ ಪತ್ರ, ಹಿಡಿದಿಟ್ಟ ಸಂಬಳವೆಲ್ಲ ವಾಪಸ್ಸು, ಮೇಲೆ ಬೆಂಗಳೂರಿಗೆ ವರ್ಗ. ಅವರ ಸ್ವಂತ ಮನೆ ಇರುವುದೇ ಬೆಂಗಳೂರಲ್ಲಿ. ಆ ವರ್ಗಕ್ಕಾಗಿ ವರ್ಷಗಟ್ಟಲೆ ಅರ್ಜಿ ಹಾಕಿ ಸೋತಿದ್ದರು.

ಬೀಳ್ಕೊಡುಗೆಗೆ ಶಾಲು, ಮೈಸೂರು ಪೇಟ, ಹಣ್ಣಿನ ಬುಟ್ಟಿ ತಂದವನು ನಾನೇ. ಇವರಿಂದ ಶಾಖೆ ಬಡವಾಯಿತು ಎಂದು ಕ್ಯಾಷಿಯರ್ ಗದ್ಗದಿತರಾದರು. ಆ ದಿನ ಆಡಿದ ಮಾತುಗಳಲ್ಲಿ ನಿಜ ಅದೊಂದೇ.

ಇತ್ತ ಆಯಮ್ಮನಿಗೆ, ನಿಮ್ಮ ಫೈಲು ಹೆಡ್ಡಾಫೀಸಿನಲ್ಲಿದೆ ಎಂಬ ಉತ್ತರ. ಮಗಳ ಮದುವೆ ನಕಲಿ ಕವರಿಂಗ್ ಸರದಲ್ಲೇ ನಡೆದುಹೋಯಿತು.

ಪ್ರಮಾಣವಚನ

ಮರುವರ್ಷ ಶಾಖೆಯಲ್ಲಿ ಪ್ರಾಮಾಣಿಕತೆಯ ಸಪ್ತಾಹ. ಗ್ರಾಹಕರಿಗೆಲ್ಲ ಪ್ರಮಾಣವಚನ ಬೋಧಿಸಲು ಹೆಡ್ಡಾಫೀಸು ಕಳಿಸಿದ್ದು ಯಾರನ್ನು? ಇದೇ ಸಾಹೇಬರನ್ನು. ಈ ವಿಷಯದಲ್ಲಿ ಅನುಭವ ಇರುವವರಂತೆ. ಕುರ್ಚಿ ತುಂಬಿಸಲು ಎಲ್ಲರಿಗೂ ಫೋನ್ ಹೋಗಿತ್ತು. ಸರ ಸಿಕ್ಕಿತೇನೋ ಎಂದುಕೊಂಡು ಆಯಮ್ಮನೂ ಬಂದು ಕೂತಿದ್ದರು.

ಎಲ್ಲರೂ ಬಲಗೈ ಮುಂದೆ ಚಾಚಿದರು. ಆಯಮ್ಮ ಚಾಚಲಿಲ್ಲ. ಅವರ ಗುರುತು ಹತ್ತದ ಸಾಹೇಬರು, ಯಾಕಮ್ಮಾ, ನೀವು ಪ್ರಮಾಣ ಮಾಡಲ್ವಾ ಎಂದು ಬಲು ಮೃದುವಾಗಿ ಕೇಳಿದರು.

ಆಯಮ್ಮ ಎದ್ದು ನಿಂತರು. "ನಮ್ ಡೈರೀಲಿ ಆಲ್ಗೆ ನೀರ್ ಬೆರ್ಸಿ ಸಿಕ್ಕಾಕೊಂಡ್ರೆ, ಒಂದ್ ತಿಂಗ್ಳು ಅವ್ರ ಆಲು ಆಕಿಸ್ಕೊಳಲ್ಲ ಸಾರ್. ನಿಮ್ ಬ್ಯಾಂಕ್ನಾಗೆ ಅಂತೋರ್ನೇ ಕರ್ದು ಆಲು ಪರೀಕ್ಷೆ ಮಾಡಾಕೆ ಕೂರಿಸ್ತೀರಾ?"

ಹಾಲು ಡೈರಿಯವರೆಲ್ಲ ಹಿಂದಿನ ಸಾಲಲ್ಲಿ ಕೂತಿದ್ದರು. ಅವರು ಗೊಳ್ಳೆಂದು ನಕ್ಕರು. ನಾನು ತಡೆಯಲಾರದೆ ಚಪ್ಪಾಳೆ ಹೊಡೆದೆ.

ವಾರದೊಳಗೆ ನನಗೆ ಮೆಮೊ ಬಂತು: ಸಮಾರಂಭದಲ್ಲಿ ಅಶಿಸ್ತು, ಮೂರು ದಿನದ ಸಂಬಳ ಕಡಿತ. ಸರ ಇವತ್ತಿಗೂ ಬಂದಿಲ್ಲ. ಆ ಇಡೀ ಪ್ರಕರಣದಲ್ಲಿ ಬ್ಯಾಂಕು ಸಂಬಳ ಕಿತ್ತುಕೊಂಡಿದ್ದು ನನ್ನೊಬ್ಬನದೇ.