ಪುಟಕ್ಕೆ ಎರಡು ರೂಪಾಯಿ

ಪಾಲಿಕೆಯ ವಲಯ ಕಚೇರಿಯಿಂದ ಸುಜಯೀಂದ್ರನಿಗೆ ಬಂದ ಕಂದು ಲಕೋಟೆಯಲ್ಲಿ ತಮಿಳಿನ ಒಂದೇ ಒಂದು ಕಾಗದವಿತ್ತು. ತಾವು ಮಾಹಿತಿ ಹಕ್ಕಿನಡಿ ಕೇಳಿದ ದಾಖಲೆಗಳು ನೂರಾ ಮೂರು ಹಾಳೆ ಆಗುತ್ತವೆ, ಹಾಳೆಗೆ ಮೂರು ರೂಪಾಯಿಯಂತೆ ಮುನ್ನೂರ ಒಂಬತ್ತು ರೂಪಾಯಿ ಕಟ್ಟಿ ಪ್ರತಿಗಳನ್ನು ಪಡೆದುಕೊಳ್ಳಿ ಎಂದು ಅದರ ಸಾರಾಂಶ. ನಾಲ್ಕು ತಲೆಮಾರಿನಿಂದ ಮದರಾಸಿನಲ್ಲೇ ಇದ್ದರೂ ಸುಜಯೀಂದ್ರ ತಮಿಳು ಓದುವುದು ಮಾತ್ರ ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ, ಒಂದೊಂದೇ ಅಕ್ಷರ. ಓದಿ ಮುಗಿಸುವಷ್ಟರಲ್ಲಿ ಕಾಫಿ ಆರಿತ್ತು.

ಐವತ್ತೆರಡು ವರ್ಷದ ಸುಜಯೀಂದ್ರ ಒಂದು ವಿಮಾ ಕಂಪನಿಯಲ್ಲಿ ಗುಮಾಸ್ತ. "ಹೋಗ್ಲಿ ಬಿಡು" ಎನ್ನುವುದು ಅವನ ಹುಟ್ಟುಗುಣ. ದರ್ಜಿ ಪ್ಯಾಂಟನ್ನು ಕಣಕಾಲಿನ ಮೇಲೆ ನಿಲ್ಲುವಂತೆ ಹೊಲಿದು ಕೊಟ್ಟಾಗಲೂ ಹೋಗ್ಲಿ ಬಿಡು, ತಾನು ಕೆಲಸ ಕಲಿಸಿದ ಹುಡುಗ ತನಗೇ ಮೇಲಧಿಕಾರಿಯಾಗಿ ಬಂದಾಗಲೂ ಹೋಗ್ಲಿ ಬಿಡು. ಅಂಥವನು ಮಾಹಿತಿ ಹಕ್ಕಿನ ಅರ್ಜಿ ಹಾಕುವುದಕ್ಕೆ ಕಾರಣ ಅಕ್ಕು ಮಾಮಿ.

ಟ್ರಿಪ್ಲಿಕೇನ್‌ನ ಆ ಗಲ್ಲಿಯಲ್ಲಿ ಆರು ಮನೆಗಳ ಒಂದು ಹಳೆಯ ಕಟ್ಟಡ. ಕೆಳಗಿನ ಮನೆಯಲ್ಲಿ ಎಪ್ಪತ್ತೆಂಟು ವರ್ಷದ ಅಕ್ಕು ಮಾಮಿ ಒಬ್ಬರೇ. ಹೋದ ವರ್ಷ ಪಾಲಿಕೆಯವರು ಗಲ್ಲಿಯಲ್ಲಿ ಮಳೆನೀರಿನ ಚರಂಡಿ ಕಟ್ಟಿದರು. ಕಟ್ಟಿದ ಮೇಲೆ ನೋಡಿದರೆ ಚರಂಡಿ ಮಾಮಿಯ ಹೊಸ್ತಿಲಿಗಿಂತ ಒಂದು ಗೇಣು ಎತ್ತರ. ಮಳೆ ಬಂತು; ನೀರು ಚರಂಡಿಗೆ ಹತ್ತಲಾರದೆ ಮಾಮಿಯ ಮನೆಗೆ ಇಳಿಯಿತು. ಎರಡು ದಿನ ಅವರು ಮಂಚದ ಮೇಲೆ ಕಾಲು ಮಡಿಸಿಕೊಂಡು ಕೂತಿದ್ದರು. ಕೇಳಲು ಹೋದರೆ ಎಂಜಿನಿಯರು, ಎಲ್ಲ ನಕ್ಷೆಯಂತೆಯೇ ಆಗಿದೆ ಎಂದರು. ಹಾಗಾದರೆ ಆ ನಕ್ಷೆ ತೋರಿಸಿ ಎಂದು ಸುಜಯೀಂದ್ರ ಅರ್ಜಿ ಬರೆದ. ಈ ಗುರುವಾರ ಎಂಜಿನಿಯರು ಮತ್ತೆ ಸ್ಥಳ ನೋಡಲು ಬರುವವರಿದ್ದರು. ಈ ದಿನ ಮಂಗಳವಾರ. ತಮಿಳರ ಐಪ್ಪಸಿ ತಿಂಗಳ ಮಳೆಗೆ ಇನ್ನು ಹತ್ತೇ ದಿನ.

ಮುನ್ನೂರ ಒಂಬತ್ತನ್ನು ಕಟ್ಟಿ ತಂದುಬಿಟ್ಟರಾಯಿತು ಎಂದು ಸುಜಯೀಂದ್ರ ಪರ್ಸಿಗೆ ಕೈಹಾಕಿದ್ದ. ಅಷ್ಟರಲ್ಲಿ ಮೇಲಿನ ಮನೆಯ ಅಂದಾನಿ ಬಂದ. ಮಂಡ್ಯದ ಕಡೆಯವನು, ಬ್ಯಾಂಕಿನಲ್ಲಿ ಕೆಲಸ, ಚೆನ್ನೈಗೆ ವರ್ಗವಾಗಿ ಎಂಟು ತಿಂಗಳು. ಬೇರೆಯವರ ಕಾಗದ ಕಂಡರೆ ಅವನಿಗೆ ಓದದೆ ಇರಲಾಗುತ್ತಿರಲಿಲ್ಲ. ತಮಿಳು ಬಾರದ್ದರಿಂದ ಸುಜಯೀಂದ್ರನಿಂದ ಓದಿಸಿ ಕೇಳಿದ, ಫೋನಿನಲ್ಲಿ ಏನೋ ಹುಡುಕಿದ, ಮುಖ ಗಂಭೀರ ಮಾಡಿಕೊಂಡ.

"ಸಾರ್, ಇದು ಮೋಸ. ರೂಲ್‌ನಲ್ಲಿ ಎಲ್ಡೇ ರೂಪಾಯಿ ಅಂತ ಬರ್ದವ್ರೆ. ನಿಮ್ಮತ್ರ ನೂರಾ ಮೂರು ರೂಪಾಯಿ ಜಾಸ್ತಿ ಕಿತ್ಕೊತಾವ್ರೆ."

ಹೋಗ್ಲಿ ಬಿಡು ಎಂಬ ಮಾತು ಸುಜಯೀಂದ್ರನ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಅಡುಗೆಮನೆಯಿಂದ ಹೆಂಡತಿ ಅಮ್ಮಣ್ಣಿ ಅವನಿಗಿಂತ ಮೊದಲೇ ಅದನ್ನು ಆಡಿಬಿಟ್ಟಳು. "ಅವರು ಎಲ್ಲಿ ಹೋಗಿ ಜಗಳ ಆಡ್ತಾರೆ ಅಂದಾನಿಯವರೇ, ಇವರಿಗೆ ಅದೆಲ್ಲಾ ಆಗೋದಿಲ್ಲ. ಚುಮ್ಮಾ ದುಡ್ಡು ಕಟ್ಟಿಬಿಟ್ಟು ಬರಲಿ."

ತನ್ನ ಮಾತನ್ನು ಇನ್ನೊಬ್ಬರ ಬಾಯಲ್ಲಿ ಕೇಳಿದಾಗಲೇ ಅದು ಎಷ್ಟು ಸಪ್ಪೆ ಎಂದು ಸುಜಯೀಂದ್ರನಿಗೆ ಗೊತ್ತಾದದ್ದು. ಕಚೇರಿಗೆ ಫೋನು ಮಾಡಿ ರಜೆ ಹಾಕಿದ. ಇಸ್ತ್ರಿಯಾದ ಅಂಗಿ ತೊಟ್ಟ. ಎರಡು ರೂಪಾಯಿಗಿಂತ ಒಂದು ಪೈಸೆ ಹೆಚ್ಚು ಕೊಡುವುದಿಲ್ಲ, ಕಾಗದವಿಲ್ಲದೆ ಮನೆಗೆ ಬರುವುದಿಲ್ಲ ಎಂದು ಹೆಂಡತಿಗೆ ಹೇಳಿ ಹೊರಟ. ಅಮ್ಮಣ್ಣಿ ಸೌಟು ಹಿಡಿದುಕೊಂಡು ನಿಂತು ನೋಡಿದಳು. ಅಂದಾನಿ, ನಾನೂ ಬರ್ತೀನಿ, ಇವತ್ತು ನಂಗೂ ರಜ ಎಂದು ಚಪ್ಪಲಿ ಮೆಟ್ಟಿದ.

ಬಸ್ಸಿನಲ್ಲಿ ನಿಂತೇ ಹೋದರು. ಕಚೇರಿಯಲ್ಲಿ ಎಲ್ಲಿ ಕೇಳಬೇಕೆಂದು ತಿಳಿಯದೆ, ಉದ್ದವಾಗಿ ಕಂಡ ಸಾಲಿನಲ್ಲಿ ಅಂದಾನಿ ಸುಜಯೀಂದ್ರನನ್ನು ನಿಲ್ಲಿಸಿದ. ಜಾಸ್ತಿ ಜನ ಇರೋ ಕಡೆನೇ ಸರಿಯಾದ ಕಿಟಕಿ ಇರುತ್ತೆ ಎಂಬುದು ಬ್ಯಾಂಕಿನಲ್ಲಿ ಅವನು ಕಂಡ ಸತ್ಯ. ಮುಕ್ಕಾಲು ಗಂಟೆಯ ಮೇಲೆ ಕಿಟಕಿ ಮುಟ್ಟಿದಾಗ ಒಳಗಿದ್ದ ಹೆಂಗಸು ತಲೆಯೆತ್ತದೆ, ಗಂಡೋ ಹೆಣ್ಣೋ, ಹುಟ್ಟಿದ್ದು ಯಾವಾಗ ಎಂದು ಕೇಳಿದಳು. ಸುಜಯೀಂದ್ರ ಗಾಬರಿಯಲ್ಲಿ ತನ್ನದೇ ಹುಟ್ಟಿದ ತಾರೀಖು ಹೇಳಿದ. ಆಗ ಅವಳು ತಲೆಯೆತ್ತಿ ನೋಡಿದಳು. ಜನನ ಪತ್ರಕ್ಕೆ ಇಷ್ಟು ತಡವಾಗಿ ಬಂದವರನ್ನು ಅವಳು ಕಂಡಿರಲಿಲ್ಲ.

ದಾಖಲೆಯ ಪ್ರತಿ ಕೊಡುವ ವಿಭಾಗ ಮೊದಲ ಮಹಡಿಯಲ್ಲಿತ್ತು. ಅಲ್ಲಿಯ ಗುಮಾಸ್ತ ಜಯರಾಮ ನಿವೃತ್ತಿಯ ಅಂಚಿನ ಮನುಷ್ಯ. ಕಡತಗಳ ನಡುವೆ ಬಾವಿಯಲ್ಲಿ ಕೂತವನಂತೆ ತಲೆ ಮಾತ್ರ ಕಾಣುತ್ತಿತ್ತು. ಪ್ರತಿಗಳ ಕಟ್ಟು ಸಿದ್ಧವಾಗಿ ಅವನ ಪಕ್ಕದಲ್ಲೇ ಇತ್ತು. ಮಾತೆಲ್ಲ ತಮಿಳಿನಲ್ಲಿ ನಡೆಯಿತು. ಸುಜಯೀಂದ್ರ ಎರಡು ರೂಪಾಯಿಯ ವಿಷಯ ತೆಗೆದ. ಇಲ್ಲಿ ಹತ್ತು ವರ್ಷದಿಂದ ಮೂರೇ, ಯಾರೂ ಕೇಳಿದ್ದಿಲ್ಲ ಎಂದ ಜಯರಾಮ. ಯಾರೂ ಕೇಳದ್ದಕ್ಕೇ ಹೀಗಾಗಿದೆ, ನಾನು ಕೇಳುತ್ತಿದ್ದೇನೆ ಎಂದ ಸುಜಯೀಂದ್ರ. ಹೇಳಿದ ಮೇಲೆ ತನ್ನ ದನಿ ತನಗೇ ಹೊಸದೆನಿಸಿ ಸ್ವಲ್ಪ ಹಿಗ್ಗಿದ. ಹಿಂದೆ ನಿಂತ ಅಂದಾನಿ ತನಗೆ ಬರುತ್ತಿದ್ದ ಒಂದೇ ತಮಿಳು ಶಬ್ದವಾದ, ಖಂಡಿತ ಎಂಬರ್ಥದ "ಕಂಡಿಪ್ಪಾ" ಎಂಬುದನ್ನು ಮೂರು ಸಲ ಹೇಳಿದ.

ಮೇಲಧಿಕಾರಿಯನ್ನು ಮೂರು ಗಂಟೆಗೆ ಕಾಣಬಹುದು, ನಿಯಮದ ಪ್ರತಿ ಜೊತೆಗಿರಬೇಕು, ಫೋನಿನಲ್ಲಿ ತೋರಿಸಿದರೆ ನಡೆಯದು ಎಂದ ಜಯರಾಮ.

ರಸ್ತೆಯಾಚೆಯ ಅಂಗಡಿಯಲ್ಲಿ ಫೋನಿನಿಂದ ಪ್ರಿಂಟ್ ತೆಗೆಯಲು ಪುಟಕ್ಕೆ ಹತ್ತು ರೂಪಾಯಿ. ನಿಯಮ ಹನ್ನೊಂದು ಪುಟ. ನೂರಾ ಹತ್ತು ರೂಪಾಯಿ ಎಣಿಸಿ ಕೊಡುವಾಗ, ಉಳಿಸಬೇಕೆಂದಿದ್ದ ನೂರಾ ಮೂರು ಅಲ್ಲೇ ಕರಗಿ, ಮೇಲೆ ಏಳು ರೂಪಾಯಿ ನಷ್ಟವಾದದ್ದು ಸುಜಯೀಂದ್ರನಿಗೆ ಹೊಳೆಯಿತು. ದುಡ್ಡಿನ ಪ್ರಶ್ನೆ ಅಲ್ಲ ಎಂದು ಅಂಗಡಿಯವನಿಗೆ ಹೇಳಿದ. ತನಗೆ ದುಡ್ಡಿನದೇ ಪ್ರಶ್ನೆ ಎಂದು ಅವನು ಚಿಲ್ಲರೆ ಕೇಳಿದ.

ಅಂದಾನಿ ಬೆಳಗಿನಿಂದ ಕಟ್ಟಡದ ವಾಟ್ಸಾಪ್ ಗುಂಪಿಗೆ ವರದಿ ಹಾಕುತ್ತಲೇ ಇದ್ದ. ಅದರ ಫಲವಾಗಿ ಫೋನುಗಳು ಬರತೊಡಗಿದವು. ಎದುರುಮನೆಯ ಗುರುಚರಣರು, ನಿವೃತ್ತ ಹೆಡ್‌ಮಾಸ್ತರರು, ಅಧಿಕಾರಿಯ ಮುಂದೆ ಕೂತುಕೊಳ್ಳಬೇಡ, ನಿಂತೇ ಮಾತಾಡು, ದನಿ ಗಟ್ಟಿ ಬರುತ್ತದೆ ಎಂದರು. ಎರಡೇ ನಿಮಿಷಕ್ಕೆ ಮತ್ತೆ ಫೋನು ಮಾಡಿ, ಕೂರು ಎಂದರೆ ಕೂರು, ಇಲ್ಲದಿದ್ದರೆ ಅಹಂಕಾರ ಎನ್ನುತ್ತಾರೆ ಎಂದು ತಿದ್ದುಪಡಿ ಕೊಟ್ಟರು. ಅಮ್ಮಣ್ಣಿ ಊಟ ಆಯಿತೇ ಎಂದು ಮಾತ್ರ ಕೇಳಿದಳು. ಕೊನೆಗೆ ಅಕ್ಕು ಮಾಮಿ.

"ಸುಜಯಾ, ನಂಗೋಸ್ಕರ ನೀನು ಯಾತಕ್ಕಪ್ಪಾ ಇಷ್ಟು ಕಷ್ಟಪಡ್ತೀ? ಮಳೆ ಬಂದ್ರೆ ನಾನು ಮಂಚದ ಮೇಲೆ ಕೂತ್ಕೋತೀನಿ. ಕೂತು ಕೂತು ಪಳಕ್ಕ ಆಗಿಬಿಟ್ಟಿದೆ."

ಆ ಮಾತು ಕೇಳಿದ ಮೇಲೆ ಸುಜಯೀಂದ್ರ ಹೋಟೆಲಿನ ಮೊಸರನ್ನವನ್ನು ಅರ್ಧಕ್ಕೇ ಬಿಟ್ಟು ಎದ್ದ. ಎರಡೂಮುಕ್ಕಾಲಿಗೇ ಅಂದಾನಿಯ ಜೊತೆ ಹೋಗಿ ಅಧಿಕಾರಿಯ ಬಾಗಿಲಲ್ಲಿ ನಿಂತ.

ಅಧಿಕಾರಿ ನಲವತ್ತರ ಆಸುಪಾಸಿನ ಹೆಣ್ಣುಮಗಳು, ಮೆಲುದನಿಯವರು. ಕೂರಿ ಎಂದರು. ಸುಜಯೀಂದ್ರ ಅರ್ಧ ಕೂತ. ಗುರುಚರಣರ ಎರಡೂ ಸಲಹೆ ಪಾಲಿಸಿದಂತಾಯಿತು. ಅವರು ನಿಯಮವನ್ನು ಶಾಂತವಾಗಿ ಓದಿ, ಜಯರಾಮನನ್ನು ಕರೆಸಿ, ಮೂರು ರೂಪಾಯಿ ಎಲ್ಲಿಂದ ಬಂತೆಂದು ಕೇಳಿದರು. ಮುಂಚಿನಿಂದ ಹಾಗೇ ಇದೆ ಮೇಡಂ ಎಂದ ಜಯರಾಮ. ನಿಯಮದಲ್ಲಿ ಇಲ್ಲದ್ದನ್ನು ವಸೂಲು ಮಾಡುವಂತಿಲ್ಲ, ಇವರು ಹೇಳುವುದು ಸರಿ ಎಂದರು ಅಧಿಕಾರಿ.

ಇವರು ಹೇಳುವುದು ಸರಿ. ಐವತ್ತೆರಡು ವರ್ಷದಲ್ಲಿ ಯಾವ ಕಚೇರಿಯಲ್ಲೂ ಸುಜಯೀಂದ್ರ ಈ ಮಾತು ಕೇಳಿರಲಿಲ್ಲ. ಅವನು ಪೂರ್ತಿ ಕೂತ.

ಅಧಿಕಾರಿ ಆದೇಶ ಬರೆಯಲು ಪೆನ್ನು ತೆಗೆದವರು ತಡೆದರು. "ಇಲ್ಲಿ ಪುಟಕ್ಕೆ ಎರಡು ರೂಪಾಯಿ ಅಂತ ಇದೆ. ಹಾಗೇ ಬರೆಯಲೇ?"

"ಹಾಗೇ ಬರೀರಿ ಮೇಡಂ. ಪುಟಕ್ಕೆ ಅಂತ," ಎಂದ ಸುಜಯೀಂದ್ರ.

ಆಗ ಜಯರಾಮ ಕೆಮ್ಮಿದ. ಸುಜಯೀಂದ್ರನ ಕಡೆ ಬಾಗಿ, ಹಾಳೆ ಅಂತಲೇ ಇರಲಿ ಸಾರ್, ಹಳೆಯದೇ ಒಳ್ಳೆಯದು ಎಂದು ತಗ್ಗಿದ ದನಿಯಲ್ಲಿ ಹೇಳಿದ. ಅವನ ಮುಖದಲ್ಲಿ ಬೆಳಗಿನ ಬಿಗಿಯಿರಲಿಲ್ಲ, ಬದಲಿಗೆ ಒಂದು ಬಗೆಯ ಕನಿಕರವಿತ್ತು. ಸುಜಯೀಂದ್ರ ಅದನ್ನು ಸೋತವನ ಗೋಗರೆತ ಎಂದು ತಿಳಿದ. ಅಂದಾನಿಗೆ ಕನ್ನಡದಲ್ಲಿ ಹೇಳಿದಾಗ ಅವನೂ ಹಾಗೇ ತಿಳಿದ.

"ಬುಡಬ್ಯಾಡಿ ಸಾರ್. ಈಗ ಬಂದವ್ನೆ ದಾರಿಗೆ. ರೂಲ್‌ನಲ್ಲಿ ಏನೈತೋ ಅದೇ ಇರ್ಲಿ."

ರೂಲ್‌ನಲ್ಲಿ ಏನಿದೆಯೋ ಅದೇ ಇರಲಿ ಎಂದು ಸುಜಯೀಂದ್ರ ಮೇಜಿನ ಮೇಲೆ ಬೆರಳಿಟ್ಟು ಹೇಳಿದ. ಅಧಿಕಾರಿ ಇನ್ನೊಮ್ಮೆ ಅವನ ಮುಖ ನೋಡಿ, ಸರಿ ಎಂದು ಬರೆದು, ಸಹಿ ಮಾಡಿ, ಮೊಹರು ಹಾಕಿಸಿದರು. ಒಬ್ಬರಿಗೊಂದು ದರ, ಇನ್ನೊಬ್ಬರಿಗೊಂದು ದರ ಆಗಬಾರದಲ್ಲ. ಆದ್ದರಿಂದ ಶ್ರೀ ಸುಜಯೀಂದ್ರ ಅವರ ಮನವಿಯ ಮೇರೆಗೆ, ಈ ಕ್ಷಣದಿಂದ ಈ ಕಚೇರಿಯಲ್ಲಿ ಪ್ರತಿ ಕೇಳುವ ಸರ್ವರಿಗೂ ಇದೇ ಅನ್ವಯ ಎಂದೂ ಸೇರಿಸಿದರು. ಮೂರೂವರೆಗೆ ಅವರಿಗೆ ಸಭೆಯಿತ್ತು, ಎದ್ದು ಹೋದರು.

ಅಂದಾನಿ ಸುಜಯೀಂದ್ರನ ಕೈ ಕುಲುಕಿ, ಗುಂಪಿಗೆ ಸುದ್ದಿ ಹಾಕಲು ಸಿಗ್ನಲ್ ಹುಡುಕುತ್ತ ಕೆಳಗೆ ಓಡಿದ.

ಸುಜಯೀಂದ್ರ ಆದೇಶವನ್ನು ಆರತಿ ತಟ್ಟೆಯಂತೆ ಹಿಡಿದುಕೊಂಡು ಹಣ ಕಟ್ಟುವ ಕಿಟಕಿಗೆ ಹೋದ. ಇನ್ನೂರ ಆರು ರೂಪಾಯಿಯನ್ನು ಬೆಳಿಗ್ಗೆಯೇ ಎಣಿಸಿ ಬೇರೆ ಮಡಚಿಟ್ಟಿದ್ದ. ಜಯರಾಮ ಕಟ್ಟನ್ನು ತಂದು, ಬೆರಳನ್ನು ನೀರಿಗದ್ದಿ, ಹಾಳೆಯ ಮುಂದೆ ಒಂದು, ಹಾಳೆಯ ಹಿಂದೆ ಒಂದು ಎಂದು ಎಣಿಸತೊಡಗಿದ. ಸುಮಾರು ಇಪ್ಪತ್ತನೆಯ ಹಾಳೆಯ ಹೊತ್ತಿಗೆ ಸುಜಯೀಂದ್ರ ಬಗ್ಗಿ ಹಾಳೆಗಳ ಹಿಂಬದಿ ನೋಡತೊಡಗಿದ.

"ಇನ್ನೂರ ಆರು ಪುಟ ಸಾರ್. ನಾನೂರ ಹನ್ನೆರಡು ರೂಪಾಯಿ," ಎಂದ ಜಯರಾಮ. ಆ ಕಚೇರಿಯ ವಾಡಿಕೆಯಂತೆ ಪ್ರತಿ ಹಾಳೆಗೂ ಎರಡೂ ಬದಿ ಅಚ್ಚಾಗಿತ್ತು. ಹಳೆಯ ದರದಲ್ಲಿ ಹಾಳೆಗೆ ಮೂರು; ಆದೇಶದ ಪ್ರಕಾರ ಹಾಳೆಗೆ ನಾಲ್ಕು. ಹಾಳೆ ಇರಲಿ ಅಂತ ನಾನು ಹೇಳಿದೆನಲ್ಲ ಸಾರ್ ಎಂದು ಅವನು ಮೆಲ್ಲಗೆ ಅಂದ.

ಹಳೆಯದೇ ಇರಲಿ ಎಂದರೆ ಆಗುತ್ತದೆಯೇ ಎಂದು ಸುಜಯೀಂದ್ರ ಕೇಳಿದ. ಅಧಿಕಾರಿಯ ಆದೇಶ ಮೀರಲು ತನಗೆ ಅಧಿಕಾರವಿಲ್ಲ, ಮೇಲ್ಮನವಿ ಹಾಕಬಹುದು, ಮೂವತ್ತು ದಿನ ಎಂದ ಜಯರಾಮ. ಮೂವತ್ತು ದಿನಕ್ಕೆ ಅಕ್ಕು ಮಾಮಿಯ ಮನೆಯಲ್ಲಿ ಮೀನು ಆಡುತ್ತಿರುತ್ತವೆ. ಕಾಗದವಿಲ್ಲದೆ ಮನೆಗೆ ಹೋಗುವುದಿಲ್ಲ ಎಂದು ಹೇಳಿ ಬಂದವನು ಸುಜಯೀಂದ್ರ. ಮಡಚಿಟ್ಟ ಇನ್ನೂರ ಆರನ್ನು ಒಳಗಿಟ್ಟು ಐನೂರರ ನೋಟು ತೆಗೆದು ಚಾಚಿದ.

ರಸೀದಿಯಾಗಿ ಮುದ್ರೆ ಬೀಳುವವರೆಗೆ ಬೆಂಚಿನ ಮೇಲೆ ಕೂರಲು ಹೇಳಿದರು. ಅವನ ಹಿಂದೆ ಹತ್ತು ಹನ್ನೆರಡು ಜನ ಸಾಲಿನಲ್ಲಿದ್ದರು. ಮನೆಯ ತೆರಿಗೆ ದಾಖಲೆಗೆಂದು ತಿರುವೊಟ್ಟಿಯೂರಿನಿಂದ ಬಂದ ಮುದುಕನೊಬ್ಬ ಲೆಕ್ಕ ಕೇಳಿ ಹೌಹಾರಿದ. ಅವನ ಹಿಂದಿನವಳಿಗೆ ಮುನ್ನೂರು ಹಾಳೆ ಬೇಕಿತ್ತು. ನಿನ್ನೆ ಕೇಳಿದಾಗ ಒಂದು, ಇವತ್ತು ಒಂದು, ಇದೇನು ಅನ್ಯಾಯ ಎಂದು ಎಲ್ಲರೂ ಕಿಟಕಿಗೆ ಮುತ್ತಿದರು. ಯಾರೋ ಬೆಳಿಗ್ಗೆಯಿಂದ ಹಟ ಹಿಡಿದು ಕೂತು ದರ ಬದಲಾಯಿಸಿದರಂತೆ ಎಂಬ ಸುದ್ದಿ ಸಾಲಿನ ತುದಿಯವರೆಗೆ ಹೋಯಿತು.

ಮುದುಕ ಬಂದು ಸುಜಯೀಂದ್ರನ ಪಕ್ಕ ಕುಸಿದು ಕೂತ. ಅದು ಯಾರು, ನಿಮಗೇನಾದರೂ ಗೊತ್ತೇ ಎಂದು ಕೇಳಿದ.

ಯಾರೋ ಮಾಡಲು ಕೆಲಸವಿಲ್ಲದವನು ಇರಬೇಕು ಎಂದ ಸುಜಯೀಂದ್ರ.

ಎಲ್ಲರೂ ಒಪ್ಪಿದರು. ಮುನ್ನೂರು ಹಾಳೆಯವಳು ಅವನ ತಂದೆತಾಯಿಯರ ಬಗ್ಗೆಯೂ ಒಂದು ಮಾತು ಸೇರಿಸಿದಳು. ಸುಜಯೀಂದ್ರ ಅದಕ್ಕೂ ತಲೆಯಾಡಿಸಿದ. ಅಂಥವನು ಕೈಗೆ ಸಿಕ್ಕಬೇಕು ಎಂದು ಇನ್ನೊಬ್ಬ ತೋಳು ಮಡಚಿದ. ಸಿಕ್ಕಬೇಕು ಎಂದು ಸುಜಯೀಂದ್ರನೂ ಅಂದ.

ಅಷ್ಟರಲ್ಲಿ ಜಯರಾಮ ಕಟ್ಟಿಗೆ ಮುದ್ರೆ ಒತ್ತಿ ಎದ್ದು ನಿಂತ. ಆ ಪುಟ್ಟ ಕೋಣೆಗೆ ಬೇಡವಾದಷ್ಟು ದೊಡ್ಡ ದನಿಯಲ್ಲಿ, ಆದೇಶ ಮಾಡಿಸಿದ ಟ್ರಿಪ್ಲಿಕೇನ್ ಸುಜಯೀಂದ್ರ ಸಾರ್ ಎಲ್ಲಿ ಎಂದು ಕೂಗಿದ.

ಎಲ್ಲರೂ ತಿರುಗಿ ತಿರುಗಿ ನೋಡಿದರು. ಸುಜಯೀಂದ್ರನೂ ತಿರುಗಿ, ಸುಜಯೀಂದ್ರ ಯಾರಿರಬಹುದೆಂದು ಹುಡುಕಿದ.

ಸುದ್ದಿ ಹಾಕಿ, ಇಡೀ ಕಟ್ಟಡದ ಶಹಬ್ಬಾಸ್‌ಗಿರಿ ಪಡೆದುಕೊಂಡು, ಆಗ ತಾನೇ ಮೆಟ್ಟಿಲು ಹತ್ತಿ ಬಂದ ಅಂದಾನಿ ಬಾಗಿಲಲ್ಲಿ ನಿಂತಿದ್ದ. ಹೆಮ್ಮೆಯಿಂದ ಅವನ ಮುಖ ಅರಳಿತ್ತು. ಜನರ ತಲೆಗಳ ಮೇಲಿಂದ ಕೈ ಚಾಚಿ, ಬೆರಳು ನೆಟ್ಟಗೆ ಮಾಡಿ ತೋರಿಸಿದ.

"ಇಲ್ಲೇ ಅವ್ರೆ ನೋಡಿ ಸಾರ್, ಸುಜಯೀಂದ್ರ. ಇವ್ರೇ. ಕಂಡಿಪ್ಪಾ."